ಜಾರಿದ ಮೇಣ

"ಒಂದು ಕಡೆ ಮೇಣ ಜಾರಿತ್ತು ಮೇಷ್ಟ್ರೇ. ಸರಿ ಮಾಡಿ ಆಮೇಲೆ ಮಣ್ಣು ಮೆತ್ತಿದೆ" ಎಂದು ಸೊಸೆ ಹೇಳಿದಾಗ ಅವನ ಒಂದು ಕಾಲು ಎರಕದ ಮನೆಯ ದಪ್ಪ ಬೂಟಿನೊಳಗಿತ್ತು, ಇನ್ನೊಂದು ಹೊರಗಿತ್ತು.

ಎಲ್ಲಿ ಎಂದು ಕೇಳಬೇಕಾಗಿತ್ತು. ಬಾಯಿಂದ ಬಂದದ್ದು, "ಯಾವಾಗ?"

"ಸೋಮವಾರ. ನೀವು ಬಂದು ನೋಡ್ತೀನಿ ಅಂದಿದ್ರಿ. ಮಧ್ಯಾಹ್ನದವರೆಗೂ ಕಾದೆ."

ಸೋಮವಾರ ಅವನು ಒಂದು ವಿಚಾರ ಸಂಕಿರಣದಲ್ಲಿದ್ದ. ಕಲಾವಿದನ ಬೆರಳಿನ ಗುರುತು ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದ್ದ. ಚಪ್ಪಾಳೆ ಬಿದ್ದಿತ್ತು.

"ಜಾಸ್ತಿ ಏನಿಲ್ಲ" ಎಂದು ಅವಳು ತನ್ನ ಕಿರುಬೆರಳಿನ ಉಗುರು ತೋರಿಸಿದಳು. "ಇಷ್ಟು. ನೋಡಿದ ತಕ್ಷಣ ನಿಮಗೇ ಗೊತ್ತಾಗುತ್ತೆ ಬಿಡಿ."

ಅವಳು ಎರಕದ ಯಜಮಾನರ ಸೊಸೆ. ನಲವತ್ತು ದಾಟಿದ್ದರೂ ಎಲ್ಲರಿಗೂ ಇನ್ನೂ ಸೊಸೆಯೇ. ಮೇಣದ ಕೆಲಸ ಪೂರ್ತಿ ಅವಳದು. ಶಿಲ್ಪಿಗಳು ತಂದುಕೊಟ್ಟ ಪ್ಲಾಸ್ಟರ್ ಅಚ್ಚಿನಿಂದ ಮೇಣದ ರೂಪ ತೆಗೆಯುವುದು, ಅದರ ಮೇಲೆ ಜರಡಿ ಹಿಡಿದ ಮಣ್ಣನ್ನು ಪದರ ಪದರವಾಗಿ ಮೆತ್ತುವುದು. ಆ ಮಣ್ಣಿನ ಗೂಡನ್ನು ಸುಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ; ಅದು ತೆರವು ಮಾಡಿದ ಜಾಗಕ್ಕೆ ಯಜಮಾನರು ಕಂಚು ಹುಯ್ಯುತ್ತಾರೆ. ಮೇಣ ಹೇಗಿತ್ತೋ ಕಂಚು ಹಾಗೆ.

ಅವನ ಶಿಲ್ಪದ ತಲೆಯ ಗೂಡು ಈಗಾಗಲೇ ಗುಂಡಿಯಲ್ಲಿ ಬಾಯಿ ಮೇಲಾಗಿ ಕೂತಿತ್ತು. ಮೇಣ ನಿನ್ನೆಯೇ ಕರಗಿ ಹೋಗಿತ್ತು.

ಸರಿ ಮಾಡಿದೆ ಎಂದಳು. ತಪ್ಪಿದ್ದರೆ ತಾನೇ ಸರಿ ಮಾಡುವುದು? ಅವನು ಎರಡನೆಯ ಬೂಟಿಗೆ ಕಾಲು ತೂರಿಸಿ, ಎದ್ದು ನಿಂತು, ತನಗೆ ಏನೂ ಅನ್ನಿಸಿಲ್ಲ ಎಂಬಂಥ ದನಿಯನ್ನು ಸಿದ್ಧಮಾಡಿಕೊಂಡು, "ಎಲ್ಲಿ ಜಾರಿತ್ತು?" ಎಂದು ಕೇಳಿದ. ಅಷ್ಟರಲ್ಲಿ ಒಳಗೆ ಅವಳ ಗಂಡ ಕುಲುಮೆಯ ಬ್ಲೋವರ್ ಹಾಕಿದ. ತಗಡಿನ ಮಾಡೆಲ್ಲ ಅದುರಿತು. ಅವಳು ಕಿವಿಗೆ ಕೈ ಒಡ್ಡಿ, ಏನು ಎಂದು ಹುಬ್ಬು ಏರಿಸಿದಳು.

ಅವನು ಏನಿಲ್ಲ ಎಂದು ಕೈಯಾಡಿಸಿದ.

ಅವನು ಕಲಾಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಶಿಲ್ಪ ಕಲಿಸುತ್ತಿದ್ದ. ಹತ್ತು ವರ್ಷದ ಹಿಂದೆ ನೀರು ಸರಬರಾಜು ಕಚೇರಿಯ ಮುಂದೆ ಅವನ ಒಂದು ದೊಡ್ಡ ಶಿಲ್ಪ ನಿಂತಿತ್ತು. ಅವನು ಇಟ್ಟ ಹೆಸರು 'ಪ್ರವಾಹ'. ಜನ ಇಟ್ಟ ಹೆಸರು 'ಗಂಟುಬಿದ್ದ ಕೊಳಾಯಿ'. ಆ ಹೆಸರೇ ನಿಂತಿತು. ಬಾಡಿಗೆ ಗಾಡಿಯವನಿಗೆ "ಗಂಟು ಕೊಳಾಯಿ ಹತ್ತಿರ ನಿಲ್ಲಿಸಿ" ಎಂದು ಸ್ವತಃ ಅವನ ಹೆಂಡತಿಯೇ ಹೇಳಿದ್ದನ್ನು ಅವನು ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡಿದ್ದ. ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಿದ್ದಳು. ಅದು ಇನ್ನೂ ಕೆಟ್ಟದಾಗಿತ್ತು.

ಆದ್ದರಿಂದ ಈ ಸಲ ಬಸ್ ನಿಲ್ದಾಣದ ಎದುರಿನ ಚೌಕಕ್ಕೆ ಶಿಲ್ಪ ಬೇಕೆಂದು ಸಮಿತಿ ಕೇಳಿದಾಗ ಅವನು ಮನುಷ್ಯಾಕೃತಿಗೆ ಒಪ್ಪಿದ. ಬೆಂಚಿನ ಮೇಲೆ ಕೂತು ಕಾಯುತ್ತಿರುವ ಒಬ್ಬ ಹೆಂಗಸು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ. ಮುಖ ಯಾರದು ಎಂದು ಪತ್ರಿಕೆಯವನು ಕೇಳಿದ್ದ. ತೀರಿಹೋದ ನನ್ನ ತಾಯಿಯದು ಎಂದು ಇವನು ಹೇಳಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. "ಫೋಟೋ ಇಟ್ಟುಕೊಂಡು ಮಾಡುವುದು ನಕಲು. ತಾಯಿಯ ಮುಖ ನನ್ನ ಬೆರಳಿಗೆ ಗೊತ್ತು" ಎಂದೂ ಸೇರಿಸಿದ್ದ. ಪತ್ರಿಕೆ ಅದನ್ನೇ ತಲೆಬರಹ ಮಾಡಿತ್ತು.

ಮಾತು ಸುಳ್ಳಲ್ಲ. ಅವನು ಫೋಟೋ ನೋಡಿರಲಿಲ್ಲ. ಆದರೆ ಯಜಮಾನರು ಬಿಡಲಿಲ್ಲ. "ಯಾರ ಮುಖ ಅಂತ ಗೊತ್ತಿಲ್ದೆ ನಮ್ಮ ಕೈ ಓಡಲ್ಲ ಮೇಷ್ಟ್ರೇ, ಒಂದು ಫೋಟೋ ಕೊಟ್ಟಿರಿ" ಎಂದರು. ಅವನು ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ಹಾಗೆಯೇ ತಂದುಕೊಟ್ಟಿದ್ದ. ಎರಡು ತಿಂಗಳಿಂದ ಅವನ ತಾಯಿ ಸೊಸೆಯ ಮೇಣದ ಮೇಜಿನ ಮೇಲಿನ ಮೊಳೆಗೆ ನೇತುಬಿದ್ದು ಹೊಗೆ ಕುಡಿಯುತ್ತಿದ್ದಳು.

ಮೈ ಎರಕವಾಗಿ ತಿಂಗಳಾಗಿತ್ತು. ತಲೆ ಮಾತ್ರ ಮೊದಲ ಸಲ ಕೆಟ್ಟಿತು, ಕೆನ್ನೆಯಲ್ಲಿ ಹೆಬ್ಬೆಟ್ಟು ತೂರುವಷ್ಟು ತೂತು. ಕೆಟ್ಟ ತಲೆಯನ್ನು ಒಡೆದು ಕಂಚು ಕರಗಿಸುವ ಇವತ್ತಿನ ಮೂಸೆಗೇ ಹಾಕಿದ್ದರು. ಎರಡನೆಯ ಮೇಣ ತೆಗೆಯುವಾಗ ಪ್ಲಾಸ್ಟರ್ ಅಚ್ಚು ಬಿರುಕು ಬಿಟ್ಟಿತು; ಮೂರನೆಯ ಮೇಣ ತೆಗೆಯುವಂತಿರಲಿಲ್ಲ. ಅನಾವರಣಕ್ಕೆ ಇನ್ನು ಹನ್ನೆರಡು ದಿನ.

ಹುಯ್ಯುವುದು ಬೇಡ ಎನ್ನಬಹುದು. ಮೂಸೆ ಎತ್ತುವವರೆಗೂ ಬೇಡ ಎನ್ನಬಹುದು. ಎತ್ತಿದ ಮೇಲೆ ಎರಕದ ಮನೆಯಲ್ಲಿ ಯಾರೂ ಮಾತಾಡಕೂಡದು. ಮಾತಿಗೆ ಒಬ್ಬ ತಲೆ ತಿರುಗಿಸಿದರೆ ಇನ್ನೊಬ್ಬನ ಕಾಲು ಹೋಗುತ್ತದೆ ಎಂದು ಯಜಮಾನರು ಮೊದಲ ದಿನವೇ ಎಚ್ಚರಿಸಿದ್ದರು. ಅವನು ಗುಂಡಿಯ ಅಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಬೇಡ ಎನ್ನುವುದಕ್ಕೆ ಕಾರಣ ಹುಡುಕಿದ. ನನ್ನ ಕೆಲಸದ ಮೇಲೆ ಬೇರೆಯವರ ಕೈ ಬಿದ್ದಿದೆ ಎನ್ನಬೇಕೆ? ಎಲ್ಲಿ ಬಿದ್ದಿದೆ ಎಂದರೆ? ಉಗುರಿನಷ್ಟು, ಎಲ್ಲೋ.

ಬ್ಲೋವರ್ ನಿಂತಿತು. ಕಿವಿಯಲ್ಲಿ ಮೌನ ಧುಮುಕಿದಂತಾಯಿತು. ಯಜಮಾನರು ಇಕ್ಕಳ ಹಿಡಿದು ಮಗನ ಕಡೆ, ಸೊಸೆಯ ಕಡೆ, ಕೊನೆಗೆ ಇವನ ಕಡೆ ನೋಡಿದರು. ಎಪ್ಪತ್ತರ ಮುದುಕ, ಹುಬ್ಬು ಎಂದೋ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ. ಅದರಿಂದಾಗಿ ಅವರು ಯಾವಾಗಲೂ ಸ್ವಲ್ಪ ಆಶ್ಚರ್ಯದಲ್ಲಿರುವ ಹಾಗೆ ಕಾಣುತ್ತಿದ್ದರು.

"ಏನಾದ್ರೂ ಹೇಳೋದಿತ್ತಾ?"

"ಇಲ್ಲ."

"ಮುಖ ಯಾಕೋ ಬಿಳಿಚ್ಕೊಂಡಿದೆ."

"ಸೆಕೆ."

ಯಜಮಾನರು ತಲೆಯಾಡಿಸಿದರು. ಮೂಸೆ ಮೇಲೆದ್ದಿತು. ಅಪ್ಪ ಮಗ ಅದನ್ನು ನಡುವೆ ಹಿಡಿದು ಒಬ್ಬನೇ ಮನುಷ್ಯನ ಹಾಗೆ ಐದು ಹೆಜ್ಜೆ ನಡೆದರು. ಸೊಸೆ ಉದ್ದನೆಯ ಕಬ್ಬಿಣದ ಕಡ್ಡಿಯಿಂದ ಮೇಲಿನ ಕಿಟ್ಟವನ್ನು ಒತ್ತಿ ಹಿಡಿದಳು. ಕಂಚು ಬಿಳಿ ಹಳದಿಯಾಗಿ, ಸದ್ದಿಲ್ಲದೆ, ಎಣ್ಣೆಗಿಂತ ಸಲೀಸಾಗಿ ಇಳಿಯಿತು. ಮೂರು ಉಸಿರಿನ ಕೆಲಸ. ಗಾಳಿ ಹೋಗಲೆಂದು ಬಿಟ್ಟ ತೂತುಗಳಲ್ಲಿ ಕಂಚು ಉಕ್ಕಿ ಬಂದು ಗುಂಡಿಯ ತುಂಬ ಕೆಂಪು ಕಣ್ಣುಗಳು ತೆರೆದುಕೊಂಡವು.

"ಕುಡೀತು" ಎಂದರು ಯಜಮಾನರು. ಪೂರ್ತಿ ತುಂಬಿತು ಎಂಬುದಕ್ಕೆ ಅವರ ಮಾತು ಅದು.

ಗೂಡು ಒಡೆಯುವುದು ಮಧ್ಯಾಹ್ನ ಎರಡರ ಮೇಲೆ. ಅಲ್ಲಿಯವರೆಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಹಿಂದಿನ ಅಂಗಳದಲ್ಲಿ ಅವನ ಶಿಲ್ಪದ ಮೈ ಕೂತಿತ್ತು. ತಲೆಯಿಲ್ಲದ ಹೆಂಗಸು ಮಡಿಲಲ್ಲಿ ಕೈ ಇಟ್ಟುಕೊಂಡು ತಿಂಗಳಿಂದ ಗೋಡೆಯ ಕಡೆ ನೋಡುತ್ತಿದ್ದಳು, ನೋಡುತ್ತಿದ್ದಳು ಎನ್ನುವಂತಿಲ್ಲ. ಎರಕದ ಮನೆಯವರು ಅವಳಿಗೆ ಒಗ್ಗಿಹೋಗಿದ್ದರು. ಯಜಮಾನರ ಒದ್ದೆ ಟವೆಲ್ಲು ಕತ್ತಿನ ಮೋಟಿಗೆ ಸಿಕ್ಕಿಕೊಂಡಿತ್ತು. ಕಂಚಿನ ಅಂಗೈಯಲ್ಲಿ ಯಾರೋ ಕುಡಿದಿಟ್ಟ ಟೀ ಲೋಟ ಇತ್ತು, ಅಳತೆ ಕೊಟ್ಟು ಮಾಡಿಸಿದ ಹಾಗೆ ಸರಿಯಾಗಿ ಕೂತಿತ್ತು.

ಅವನು ಲೋಟ ತೆಗೆದು ಕೆಳಗಿಟ್ಟ. ಟವೆಲ್ಲು ತೆಗೆಯುವ ಧೈರ್ಯವಾಗಲಿಲ್ಲ. ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತ.

ಅಮ್ಮನ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ಹಣೆಯಿಂದ ಶುರುಮಾಡಿದ. ಹಣೆ ಬಂತು, ಆದರೆ ಅದು ತಾನು ಜೇಡಿಮಣ್ಣಿನಲ್ಲಿ ಮಾಡಿದ ಹಣೆ. ಮೂಗು ಬಂತು, ಅದೂ ಮಣ್ಣಿನದೇ. ಅದರ ಹಿಂದೆ ಹೋಗಲು ನೋಡಿದರೆ ಬರುತ್ತಿದ್ದುದು ಅಮ್ಮನ ಬೆನ್ನು. ಕಿಟಕಿಯ ಕಡೆ ಮುಖಮಾಡಿ ಹೊಲಿಗೆ ಯಂತ್ರದ ಮುಂದೆ ಕೂತ ಬೆನ್ನು, ಬೆವರಿಗೆ ಅಂಟಿದ ರವಿಕೆ, ತುಳಿಯುವ ಪಾದ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಅವಳು ಇವನನ್ನು ಓದಿಸಿದ್ದಳು. ಊಟಕ್ಕೆ ಕರೆದಾಗ, ಬೈದಾಗ, ಇವನು ದೂರದೂರಿಗೆ ಓದಲು ಹೊರಟ ದಿನ, ಅವಳು ತಿರುಗಿ ನೋಡಿರಲೇಬೇಕು. ನೋಡಿದಾಗ ಇವನು ಎಲ್ಲಿ ನೋಡುತ್ತಿದ್ದ?

ಅವನು ಎದ್ದು ಮೇಣದ ಮೇಜಿನ ಹತ್ತಿರ ಹೋದ. ಮೊಳೆಯಲ್ಲಿ ಫೋಟೋ ಇತ್ತು. ಗಡಿಯಾರ ನೋಡಿ, ಹೊತ್ತೆಷ್ಟು ಎಂದು ತಿಳಿಯದೆ ಮತ್ತೆ ನೋಡುವವನ ಹಾಗೆ ಅವನು ಅದನ್ನು ಎರಡು ಸಲ ನೋಡಿದ. ಸ್ಟುಡಿಯೋದಲ್ಲಿ ತೆಗೆಸಿದ್ದು. ಒಬ್ಬ ಹೆಂಗಸು ಇದ್ದಳು. ಅಷ್ಟೇ.

"ಮೇಷ್ಟ್ರೇ, ಫೋನು" ಎಂದು ಮುಂದಿನ ಕೋಣೆಯಿಂದ ಯಜಮಾನರ ಮಗ ಕೂಗಿದ.

ಸಮಿತಿಯ ಕಾರ್ಯದರ್ಶಿ. ಕಲ್ಲು ಕೆತ್ತುವವನು ಕಾದು ಕೂತಿದ್ದಾನೆ, ಶಿಲ್ಪದ ಕೆಳಗಿನ ಫಲಕಕ್ಕೆ ಎರಡು ಸಾಲು ಬೇಕು. "ನಾನೇ ಬರೆದಿದ್ದೀನಿ, ಓದ್ತೀನಿ ಕೇಳಿ: 'ಕಾಯುವವಳು. ಕಲಾವಿದ ತನ್ನ ತಾಯಿಯ ಮುಖವನ್ನು ಕೇವಲ ನೆನಪಿನಿಂದ ರೂಪಿಸಿದ್ದು.' ಹೇಗಿದೆ?"

"ಕೇವಲ ಬೇಡ."

"ಅದಿದ್ರೇನೇ ತೂಕ."

"ಸಾಯಂಕಾಲ ಹೇಳ್ತೀನಿ."

"ಸಾಯಂಕಾಲ ಅಂದ್ರೆ ಎಷ್ಟು ಹೊತ್ತಿಗೆ?"

"ಸಾಯಂಕಾಲ" ಎಂದು ಅವನು ಫೋನಿಟ್ಟ.

ಎರಡೂವರೆಗೆ ಗೂಡನ್ನು ಗುಂಡಿಯಿಂದ ಎತ್ತಿ ಅಂಗಳದ ಮರಳಿನ ಮೇಲೆ ಮಲಗಿಸಿದರು. ಯಜಮಾನರು ಮಂಡಿಯೂರಿ ಮರದ ಕೊಡತಿಯಿಂದ ಅಲ್ಲಲ್ಲಿ ತಟ್ಟಿದರು, ಕಿವಿಗೊಟ್ಟರು, ಮತ್ತೆ ತಟ್ಟಿದರು. ಮೊದಲು ತಂತಿ ಬಿಡಿಸಿ ದಪ್ಪ ಮಣ್ಣು ಉದುರಿಸಿದರು. ಒಳಗಿನ ನಯವಾದ ಪದರ ಕಪ್ಪಾಗಿ ಸುಟ್ಟಿತ್ತು. ಮುಖದ ಭಾಗಕ್ಕೆ ಬಂದಾಗ ಅವರು ಕೊಡತಿ ಬಿಟ್ಟು ಉಳಿಯ ಮೊನೆಯನ್ನು ಅಂಚಿಗೆ ತೂರಿಸಿ ಮೀಟಿದರು. ಹಣೆಯಿಂದ ಗದ್ದದವರೆಗಿನ ಮಣ್ಣು ಒಂದೇ ಹೋಳಾಗಿ ಕಳಚಿ ಬಂತು.

"ಹೀಗೆ ಬಿಡೋದು ಅಪರೂಪ" ಎಂದು ಅವರು ಆ ಹೋಳನ್ನು ಸೊಸೆಯ ಕೈಗೆ ಕೊಟ್ಟರು. ಅವಳು ಅದನ್ನು ಒಯ್ದು ಮೂಲೆಯಲ್ಲಿ ಬೇರೆ ಚೂರುಗಳ ಜೊತೆ ಇಟ್ಟಳು.

ತಂತಿಯ ಬ್ರಷ್ಷಿನಿಂದ ತಿಕ್ಕಿದಂತೆ ಕಂಚು ಹೊಳಪೇರಿತು. ನೆತ್ತಿಯ ಮೇಲೆ ಕಂಚು ಹರಿದ ನಾಳಗಳು ಕೊಂಬುಗಳ ಹಾಗೆ ನಿಂತಿದ್ದವು. ಅವುಗಳ ಕೆಳಗೆ ಒಂದು ಮುಖ ಇತ್ತು.

ಅವನಿಗೆ ಹೆದರಿಕೆಯಾಯಿತು. ಚೆನ್ನಾಗಿತ್ತು. ಅವನು ಈವರೆಗೆ ಮಾಡಿದ ಯಾವುದಕ್ಕಿಂತಲೂ ಚೆನ್ನಾಗಿತ್ತು. ಜೇಡಿಮಣ್ಣಿನಲ್ಲಿದ್ದಾಗ ಅದರಲ್ಲಿ ಒಂದು ಶಾಂತಿ ಇತ್ತು, ಸಮಿತಿಯವರು ಅದನ್ನು ಬಹಳ ಮೆಚ್ಚಿದ್ದರು. ಈಗ ಅದು ಶಾಂತವಾಗಿರಲಿಲ್ಲ. ಯಾರೋ ಏನನ್ನೋ ಹೇಳಲು ಹೊರಟು, ಕೈಯಲ್ಲಿ ಕೆಲಸವಿದ್ದುದರಿಂದ ಆಮೇಲೆ ಹೇಳಿದರಾಯಿತು ಎಂದು ತಡೆದ ಹಾಗಿತ್ತು.

"ಹೇಗಿದೆ?" ಎಂದರು ಯಜಮಾನರು.

ಅವನು ಸುತ್ತ ನಡೆದ. ಹಣೆ, ಕೆನ್ನೆಯ ಎಲುಬು, ಮೂಗಿನ ಹೊಳ್ಳೆ, ಗದ್ದ. ತಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ನೆನಪಾಯಿತು: ನಿಮ್ಮ ಕೈ ಮಾಡಿದ್ದನ್ನು ಕಣ್ಣು ಕಟ್ಟಿಯೂ ಗುರುತಿಸಬೇಕು. ಕಣ್ಣು ಬಿಟ್ಟುಕೊಂಡು ಹುಡುಕಿದ. ಪ್ರತಿಯೊಂದೂ ತನ್ನದೇ ಎನ್ನಿಸಿತು. ಮರುಗಳಿಗೆ ಯಾವುದೂ ತನ್ನದಲ್ಲ ಎನ್ನಿಸಿತು. ಸೊಸೆ ಮೂಲೆಯಲ್ಲಿ ಒರಳಿನ ಮುಂದೆ ಕೂತು ಒಡೆದ ಗೂಡಿನ ಚೂರುಗಳನ್ನು ಕುಟ್ಟಲು ಶುರುಮಾಡಿದ್ದಳು. ಹಳೆಯ ಮಣ್ಣನ್ನು ಪುಡಿಮಾಡಿ ಮುಂದಿನ ಗೂಡಿನ ಮಣ್ಣಿಗೆ ಬೆರೆಸುವುದು ಅಲ್ಲಿನ ಪದ್ಧತಿ. ಪ್ರತಿ ಪೆಟ್ಟೂ ಅವನ ಬೆನ್ನಿಗೆ ಬೀಳುತ್ತಿತ್ತು.

ಕೊನೆಗೆ ಅವನು ಬಲಗಣ್ಣಿನ ರೆಪ್ಪೆಯ ಮೇಲೆ ಬೆರಳಿಟ್ಟ. ಅಲ್ಲಿ ಒಂದು ಸಣ್ಣ ಮಡಿಕೆ ಇತ್ತು, ಎಷ್ಟು ಜೀವಂತವಾಗಿತ್ತೆಂದರೆ ತನ್ನದಾಗಿರಲು ಸಾಧ್ಯವಿಲ್ಲ.

"ಇದನ್ನ ಸ್ವಲ್ಪ ಅರ ಹಾಕಿ ತೆಗೀಬೇಕು" ಎಂದ, ಸೊಸೆಗೆ ಕೇಳುವಷ್ಟು ಜೋರಾಗಿ. "ನೀನು ಸರಿ ಮಾಡಿದ್ದು ಪರವಾಗಿಲ್ಲ. ಆದ್ರೆ ನನ್ನ ರೀತಿ ಬೇರೆ."

ಅವಳು ಒನಕೆ ನಿಲ್ಲಿಸಿ ಕತ್ತು ಚಾಚಿ ನೋಡಿದಳು.

"ರೆಪ್ಪೆನಾ? ಅದನ್ನ ನಾನು ಮುಟ್ಟಿಲ್ಲ ಮೇಷ್ಟ್ರೇ. ಅದು ನಿಮ್ದೇ."

ಯಜಮಾನರ ಮಗ ಬಗ್ಗಿ ತನ್ನ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ದಾರ ಬಿಚ್ಚಿರಲಿಲ್ಲ. ಯಜಮಾನರು ಹುಬ್ಬಿಲ್ಲದ ಮುಖ ಎತ್ತಿ ಮಾಡಿನ ತಗಡನ್ನು ಪರೀಕ್ಷಿಸಿದರು. ಇನ್ನೊಂದು ಪ್ರಶ್ನೆ ಸಾಕಿತ್ತು, ಹಾಗಾದರೆ ಯಾವುದು ಎಂದು. ಕೇಳುವ ಬದಲು ಅವನು ರೆಪ್ಪೆಯಿಂದ ಬೆರಳು ತೆಗೆದ.

ಆಗ ಹೊರಗಿನ ಗೇಟು ಸದ್ದಾಯಿತು.

ಅಕ್ಕ ಬರುತ್ತೇನೆಂದು ಬರೆದಿದ್ದಳು. ಬರಲಾರಳು ಎಂದು ಅವನು ಅಂದುಕೊಂಡಿದ್ದ, ಬಾರದಿರಲಿ ಎಂದೂ. ಅಮ್ಮ ಕೊನೆಯ ಒಂಬತ್ತು ವರ್ಷ ಅಕ್ಕನ ಮನೆಯಲ್ಲಿದ್ದಳು. ಅಮ್ಮ ಹೋದ ಮೇಲೆ ಅಕ್ಕನಿಗೂ ಇವನಿಗೂ ಜಗಳವೇನೂ ಆಗಲಿಲ್ಲ. ಮಾತು ತಾನಾಗಿ ಕಡಿಮೆಯಾಗಿ, ವರ್ಷಕ್ಕೆರಡು ಕಾಗದಕ್ಕೆ ಬಂದು ನಿಂತಿತು. ಆಸ್ಪತ್ರೆಯೊಂದರ ಔಷಧದ ಕಿಟಕಿಯಲ್ಲಿ ಮೂವತ್ತು ವರ್ಷ ಕೂತವಳು. ಡಾಕ್ಟರುಗಳ ಅಕ್ಷರ ಓದಿ ಓದಿ ಅವಳಿಗೆ ಯಾವುದನ್ನೂ ಒಂದೇ ನೋಟಕ್ಕೆ ನಂಬದ ಅಭ್ಯಾಸ.

"ನಾಲ್ಕೂವರೆ ಬಸ್ಸಿಗೆ ವಾಪಸ್ ಹೋಗ್ಬೇಕು" ಎಂದಳು, ಬಂದೆ ಎನ್ನುವ ಬದಲು. "ಎಲ್ಲಿ?"

ಅವನು ತೋರಿಸಿದ.

ಅಕ್ಕ ಕೈಚೀಲವನ್ನು ಕಂಚಿನ ಬೆಂಚಿನ ಮೇಲಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಮರಳಿನ ಮೇಲೆ ಮಂಡಿಯೂರಿ ಕೂತಳು. ಕೊಂಬುಗಳಿರುವ ಆ ತಲೆಯನ್ನು ಬಹಳ ಹೊತ್ತು ನೋಡಿದಳು. ಅವನು ಕಾದ. ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಂತ ಹುಡುಗನ ಹಾಗೆ, ಐವತ್ತಮೂರನೆಯ ವಯಸ್ಸಿನಲ್ಲಿ, ಬೇರೆಯವರ ಬೂಟು ಹಾಕಿಕೊಂಡು ಕಾದ.

"ಹಣೆ ಅಮ್ಮಂದಲ್ಲ" ಎಂದಳು ಅಕ್ಕ.

"ಹೋಲಿಕೆ ಮುಖ್ಯ ಅಲ್ಲ ಅಕ್ಕ. ಕಲೆಯಲ್ಲಿ..."

"ಕಣ್ಣೂ ಅಲ್ಲ. ಕಣ್ಣು ನಿನ್ನ ಹೆಂಡತಿದು ಇದ್ದ ಹಾಗಿದೆ."

ಅಕ್ಕ ಮುಂದೆ ಬಾಗಿದಳು. ಇದ್ದಕ್ಕಿದ್ದ ಹಾಗೆ ಅವಳ ಉಸಿರು ಬದಲಾಯಿತು. ಹೆಬ್ಬೆರಳನ್ನು ಕಂಚಿನ ತುಟಿಯ ಎಡಗಡೆಯ ಕೊನೆಗೆ ಇಟ್ಟಳು. ಅಲ್ಲಿ ತುಟಿ ಒಳಕ್ಕೆ ಒತ್ತಿಕೊಂಡು ಒಂದು ಸಣ್ಣ ತಗ್ಗಾಗಿತ್ತು. ಉಗುರಿನಷ್ಟು.

"ಗುಂಡುಸೂಜಿ" ಎಂದಳು.

"ಏನು?"

"ಸೂಜಿ ಕಚ್ಚಿಕೊಳ್ತಿದ್ದ ಕಡೆ. ಹೊಲಿಯುವಾಗ ಯಾವಾಗಲೂ ಎಡಗಡೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರ್ತಿದ್ಳಲ್ಲ. ಮೂವತ್ತು ವರ್ಷ ಕಚ್ಚಿ ಅಲ್ಲಿ ಹಾಗೇ ಆಗೋಗಿತ್ತು. ನಗುವಾಗ್ಲೂ ಆ ಮೂಲೆ ಬಿಚ್ತಿರಲಿಲ್ಲ." ಅಕ್ಕ ಬೆರಳು ತೆಗೆಯಲಿಲ್ಲ. "ಇದನ್ನ ಹೇಗೆ ನೆನಪಿಟ್ಕೊಂಡೆ?"

ಮೂಲೆಯಲ್ಲಿ ಒನಕೆಯ ಸದ್ದು ಒಂದು ಪೆಟ್ಟು ತಪ್ಪಿತು.

"ಫೋಟೋ ನೋಡಿ ಮಾಡಿದ್ಯಾ? ಪೇಪರಲ್ಲಿ ನೋಡಿಲ್ಲ ಅಂತ ಹೇಳಿದ್ದೆ."

"ನೋಡಿಲ್ಲ." ಇಷ್ಟು ನಿಜ. ಇಲ್ಲಿಗೇ ನಿಲ್ಲಿಸಬಹುದಿತ್ತು. ಅವನು ಮೂಲೆಯ ಕಡೆ ಒಮ್ಮೆ ನೋಡಿದ. ಸೊಸೆ ತಲೆ ತಗ್ಗಿಸಿ ಒರಳಿನೊಳಗೆ ನೋಡುತ್ತಿದ್ದಳು. "ಅದನ್ನೆಲ್ಲ ಮರೆಯೋಕಾಗುತ್ತಾ ಅಕ್ಕ?"

ಒನಕೆ ಮತ್ತೆ ಬಿತ್ತು.

ಅಕ್ಕ ಎದ್ದು ಮಂಡಿಯ ಮರಳು ಕೊಡವಿಕೊಂಡಳು. ಕನ್ನಡಕ ತೆಗೆದಳು, ಹಾಕಿಕೊಳ್ಳಲಿಲ್ಲ.

"ಅಮ್ಮ ಹೋದ ದಿನ ನೀನು ಬಂದು ಬಾಗಿಲಲ್ಲೇ ನಿಂತೆ. ಬಸ್ಸು ಎಷ್ಟು ಹೊತ್ತಿಗೆ ಇದೆ ಅಂತ ಕೇಳ್ದೆ. ಇವನಿಗೆ ಏನೂ ಇಲ್ಲ, ಒಳಗೆ ಏನೂ ಇಲ್ಲ ಇವನಿಗೆ ಅಂದ್ಕೊಂಡೆ. ಹನ್ನೊಂದು ವರ್ಷ ಅದನ್ನೇ ಇಟ್ಕೊಂಡಿದ್ದೆ ಕಣೋ."

"ಇರ್ಲಿ ಬಿಡು."

"ಇರ್ಲಿ ಅಂದ್ರೆ ಹೇಗೆ? ತಪ್ಪಾಯ್ತು. ಇಷ್ಟು ಸಣ್ಣದನ್ನ ನೋಡಿಟ್ಕೊಂಡೋನು ಎಷ್ಟು ನೋಡಿರ್ಬೇಡ. ನಾನು ಒಂಬತ್ತು ವರ್ಷ ಅನ್ನ ಹಾಕಿದೆ, ಮಾತ್ರೆ ಕೊಟ್ಟೆ. ನೋಡ್ತಾ ಇದ್ದೋನು ನೀನು."

ಅವಳು ಅವನ ತೋಳು ಹಿಡಿದು ಒಮ್ಮೆ ಒತ್ತಿದಳು. ಅಕ್ಕ ಅವನನ್ನು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಆ ಒತ್ತು ಇರಬೇಕಾದ ಜಾಗದಲ್ಲೇ ಇತ್ತು, ಬೆಚ್ಚಗಿತ್ತು, ಬೇರೆ ಯಾರಿಗೋ ಬಂದ ಕಾಗದವನ್ನು ಅಂಚೆಯವನು ತಪ್ಪಿ ತನ್ನ ಕೈಯಲ್ಲಿಟ್ಟ ಹಾಗಿತ್ತು. ಅವನು ಅದನ್ನು ಹಿಂದಿರುಗಿಸಲಿಲ್ಲ.

"ಅನಾವರಣಕ್ಕೆ ನಿಮ್ಮ ಭಾವನ್ನೂ ಮಕ್ಕಳನ್ನೂ ಕರ್ಕೊಂಡು ಬರ್ತೀನಿ" ಎಂದಳು ಗೇಟಿನ ಹತ್ತಿರ. "ನಿನ್ನ ಕೊಳಾಯಿ ಬಗ್ಗೆ ನಾನೂ ನಕ್ಕಿದ್ದೆ. ಅದನ್ನೂ ಹೇಳಿಬಿಡ್ತೀನಿ." ನಕ್ಕಳು. ಹಗುರಾಗಿ, ಸರಸರನೆ, ಬಸ್ಸಿಗೆ ತಡವಾದವಳ ಹಾಗೆ ನಡೆದುಹೋದಳು. ಅವಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಅವನು ನಿಂತಿದ್ದ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಅವಳು ಬಹಳ ಹೊತ್ತು ಇದ್ದಳು.

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಕಾರ್ಯದರ್ಶಿ.

"ಕೆತ್ತುವವನು ಎದ್ದು ಹೋಗ್ತೀನಿ ಅಂತಿದಾನೆ. ನೆನಪಿನಿಂದ ಅಂತಲೇ ಹಾಕಿಸ್ಲಾ?"

"ಹಾಕಿಸಿ."

"ಕೇವಲ?"

ಗೋಡೆಯಲ್ಲಿ ಯಾರೋ ಇದ್ದಿಲಿನಿಂದ ಬರೆದಿಟ್ಟ ಫೋನ್ ನಂಬರುಗಳನ್ನು ಅವನು ಓದಿದ. "ನಿಮ್ಮಿಷ್ಟ" ಎಂದ.

ಹಿಂದಕ್ಕೆ ಬಂದಾಗ ಯಜಮಾನರೂ ಮಗನೂ ತಲೆಯನ್ನು ಒಳಗೊಯ್ದು ನೆತ್ತಿಯ ನಾಳಗಳನ್ನು ಗರಗಸದಿಂದ ಕೊಯ್ಯುತ್ತಿದ್ದರು. ಕಂಚು ಕೊಯ್ಯುವ ಸದ್ದು ಹಲ್ಲಿಗೆ ತಾಗುತ್ತಿತ್ತು. ಅಂಗಳದಲ್ಲಿ ಸೊಸೆ ಒಬ್ಬಳೇ ಇದ್ದಳು. ಮೇಣ ಕೊರೆಯುವ ತೆಳುವಾದ ಚೂರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಒರಳಿನ ಪುಡಿ ಬಗೆದು ಜರಡಿಗೆ ಹಾಕುತ್ತಿದ್ದಳು. ಅವನನ್ನು ನೋಡಿ ಚೂರಿಯನ್ನು ಬಾಯಿಂದ ತೆಗೆದಳು.

"ತುಟಿಯಾ?" ಎಂದ.

"ಹೂಂ. ಎಡಗಡೆ ಕೊನೆ."

"ಯಾಕೆ?"

"ಜಾರಿತ್ತಲ್ಲ. ಫೋಟೋದಲ್ಲಿ ಒಳಗೆ ಒತ್ಕೊಂಡಿದೆ, ಮೇಣದಲ್ಲಿ ಸಪಾಟಾಗಿತ್ತು. ಆವತ್ತು ಬಿಸಿಲು ಜೋರಿತ್ತು, ನಾನು ಕಿಟಕಿ ಹತ್ತಿರ ಇಟ್ಬಿಟ್ಟಿದ್ದೆ. ನನ್ನ ತಪ್ಪು ಅಂತ ನಾನೇ ಸರಿ ಮಾಡಿದೆ." ಚೂರಿಯನ್ನು ಒರಳಿನ ಪಕ್ಕ ಇಟ್ಟು, "ಮಗ ಮಾಡಿದ್ದು, ಅಲ್ಲಿ ತಪ್ಪಿರೋದಿಲ್ವಲ್ಲ" ಎಂದಳು.

ಅವಳ ದನಿಯಲ್ಲಿ ವ್ಯಂಗ್ಯ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

"ಮೊದಲನೇ ತಲೆ ಒಡೆದು ಹಾಕಿದ್ರಲ್ಲ" ಎಂದ. "ಅದರಲ್ಲಿ ಹೇಗಿತ್ತು?"

ಅವಳು ಜರಡಿಯ ಅಂಚನ್ನು ಅಂಗೈಯಿಂದ ತಟ್ಟಿದಳು. ಮಣ್ಣು ಸಣ್ಣಗೆ ಉದುರಿತು.

"ಅದರಲ್ಲೂ ಜಾರಿತ್ತೇನೋ" ಎಂದಳು, ತಲೆ ಎತ್ತದೆ.

ಒಳಗೆ ಗರಗಸ ಇನ್ನೊಂದು ನಾಳ ಕೊಯ್ಯಲು ಶುರುಮಾಡಿತು.

"ನಿಮ್ಮಕ್ಕ ಖುಷಿಯಾಗಿ ಹೋದ್ರು" ಎಂದಳು ಆಮೇಲೆ. "ಬಿಡಿ."

ಬಿಡಿ ಎಂದದ್ದು ಸಮಾಧಾನಕ್ಕೋ, ದಾರಿ ಬಿಡಿ ಎಂದೋ ಅವನಿಗೆ ತಿಳಿಯಲಿಲ್ಲ. ಅವನು ಅವಳಿಗೂ ಮೂಲೆಯ ಚೂರುಗಳ ರಾಶಿಗೂ ನಡುವೆ ನಿಂತಿದ್ದ. ಪಕ್ಕಕ್ಕೆ ಸರಿದ. ಅವಳು ಕೈ ಚಾಚಿ ಆ ದೊಡ್ಡ ಹೋಳನ್ನು ಎತ್ತಿ, ಕುಟ್ಟಲು ಅನುಕೂಲವಾಗಲೆಂದು ಒರಳಿನ ಬಾಯಿಗೆ ಒರಗಿಸಿ ನಿಲ್ಲಿಸಿದಳು.

ಇಳಿಬಿಸಿಲು ಓರೆಯಾಗಿ ಅದರ ಒಳಗೆ ಬಿತ್ತು. ಕಪ್ಪು ಮಣ್ಣಿನಲ್ಲಿ ಮುಖ ತಿರುವುಮುರುವಾಗಿ ಇತ್ತು. ಮೂಗು ಇರಬೇಕಾದಲ್ಲಿ ಹಳ್ಳ, ಕಣ್ಣಿನ ಗುಳಿಗಳಲ್ಲಿ ದಿಬ್ಬ, ತುಟಿಯ ಒಂದು ಕೊನೆಯಲ್ಲಿ, ಎಡವೋ ಬಲವೋ, ಮೊಳಕೆಯಂಥ ಒಂದು ಉಬ್ಬು. ಅವನು ಅದನ್ನು ನೋಡುತ್ತ ಒಂದು ಹೆಜ್ಜೆ ಎಡಕ್ಕೆ ಇಟ್ಟ.

ಮುಖ ಎಡಕ್ಕೆ ತಿರುಗಿತು.

ನಿಂತ. ಅದೂ ನಿಂತಿತು. ಬಲಕ್ಕೆ ಎರಡು ಹೆಜ್ಜೆ ಸರಿದ. ಹಳ್ಳಗಳೆಲ್ಲ ದಿಬ್ಬಗಳಾಗಿ, ಕಪ್ಪು ಮುಖ ಮಣ್ಣಿನೊಳಗಿನಿಂದ ಕತ್ತು ಹೊರಳಿಸಿ ಅವನ ಜೊತೆಗೇ ಬಂತು. ಅವನು ಕಂಚಿನ ಮೈಯ ಹಿಂದೆ ಹೋದ, ಟವೆಲ್ಲಿನ ಮರೆಯಿಂದ ಬಗ್ಗಿ ನೋಡಿದ. ಅದು ಅಲ್ಲಿಗೂ ನೋಡುತ್ತಿತ್ತು. ಅಂಗಳ ಅಷ್ಟೇನೂ ದೊಡ್ಡದಲ್ಲ. ಅದು ತನ್ನನ್ನು ನೋಡದಂಥ ಒಂದು ಜಾಗಕ್ಕಾಗಿ ಅವನು ಗೋಡೆಗುಂಟ ನಡೆಯತೊಡಗಿದ.

ಸೊಸೆ ಒನಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದೇನು ಎಂಬಂತೆ ಅವನನ್ನೇ ನೋಡುತ್ತ ಕಾದಳು.

"ಹೊಡೀಲಾ ಮೇಷ್ಟ್ರೇ?" ಎಂದಳು.

ಅವನು ನಡೆಯುತ್ತಲೇ ಇದ್ದ.